ಟ್ಯೂಬಿನ ಹಿಂದಿನ ಕರಿ ಗೆರೆ

ಹೊಟ್ಟೆಯ ಎಡಭಾಗದಲ್ಲಿ ಬರೆಯ ಗುರುತಿದ್ದ ಮಕ್ಕಳು ನಮ್ಮ ಆಸ್ಪತ್ರೆಗೆ ಬರುತ್ತಲೇ ಇದ್ದರು. ಮೈ ಬಿಳಿಚಿ, ಎಡಪಕ್ಕೆಯ ಕೆಳಗಿನ ಗುಲ್ಮ ಊದಿ, ಹೊಟ್ಟೆ ಮುಂದಕ್ಕೆ ಬಂದ ಮಕ್ಕಳು. ಊರಲ್ಲಿ ಕಾದ ಕಬ್ಬಿಣದಿಂದ ಬರೆ ಹಾಕಿಸಿ, ಅದಕ್ಕೂ ಬಗ್ಗದಿದ್ದಾಗ ಅವರನ್ನು ರಾಯಚೂರಿನ ಬಸ್ಸು ಹತ್ತಿಸುತ್ತಿದ್ದರು. ಇಲ್ಲಿ ನಾವೇನು ಮಾಡುತ್ತಿದ್ದೆವು? ಕಬ್ಬಿಣದ ಟಾನಿಕ್ ಬರೆದುಕೊಡುತ್ತಿದ್ದೆವು. ಅವರು ಕಬ್ಬಿಣವನ್ನು ಹೊರಗಿನಿಂದ ಕೊಟ್ಟರು, ನಾವು ಒಳಗಿನಿಂದ ಕೊಟ್ಟೆವು. ಈ ಮಕ್ಕಳಿಗೆ ಎರಡರಿಂದಲೂ ಉಪಯೋಗವಿರಲಿಲ್ಲ. ಆ ಟಾನಿಕ್ ಬಾಟಲಿ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಎಂಬತ್ತರ ದಶಕದ ನಡುವಿನ ವರ್ಷಗಳವು. ರಾಯಚೂರಿನ ಒಂದು ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗದಲ್ಲಿ ನಾನು ವೈದ್ಯೆ. ವಿಭಾಗ ಎಂದರೆ ಹಿಂಬದಿಯ ಒಂದು ಕೋಣೆ, ಒಂದು ಸೂಕ್ಷ್ಮದರ್ಶಕ, ಗೊರಗುಡುವ ಒಂದು ಫ್ರಿಜ್ಜು, ನಾನು, ನಮ್ಮ ಟೆಕ್ನಿಷಿಯನ್. ಅವರು ಕೋಟೆಯೊಳಗಿನ ಮೊಹಲ್ಲಾದವರು. ಮನೆಯಲ್ಲಿ ದಖನಿ ಉರ್ದು, ಹೊರಗೆ ನನಗಿಂತ ಗಟ್ಟಿಯಾದ ರಾಯಚೂರು ಕನ್ನಡ. ನನ್ನ ಸಿಟ್ಟು ಮತ್ತು ಊರಿನ ಬಿಸಿಲು ಎರಡನ್ನೂ ಅವರು ಒಂದೇ ಸಮ ನಗುತ್ತ ತಡೆದುಕೊಳ್ಳುತ್ತಿದ್ದರು.

ಆ ಮಕ್ಕಳಲ್ಲಿ ಕೆಲವರದು ಕಬ್ಬಿಣದ ಕೊರತೆಯಲ್ಲ, ಥಲಸ್ಸೀಮಿಯಾ ಎಂದು ನಾನು ಹಟ ಹಿಡಿದೆ. ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್ ಕಟ್ಟುವ ಕೆಲಸದಲ್ಲೇ ಹುಟ್ಟಿನಿಂದ ಬರುವ ದೋಷ ಅದು. ಕೂಸಿಗೆ ಅವ್ವನಿಂದ ಒಂದು ಪಾಲು ಬರುತ್ತದೆ, ಅಪ್ಪನಿಂದ ಒಂದು ಪಾಲು. ಒಂದೇ ಪಾಲು ಕೆಟ್ಟಿದ್ದರೆ ಮನುಷ್ಯ ಆರಾಮಾಗಿ ಕುರಿ ಕಾಯುತ್ತಾನೆ, ಹೊಲ ಹರಗುತ್ತಾನೆ, ಅವನಿಗೆ ಗೊತ್ತೂ ಆಗುವುದಿಲ್ಲ. ಅವನನ್ನು ನಾವು ವಾಹಕ ಎನ್ನುತ್ತೇವೆ. ಎರಡೂ ಕಡೆಯ ಪಾಲು ಕೆಟ್ಟು ಬಂದರೆ ಮಾತ್ರ ಕೂಸು ಮೊದಲ ವರ್ಷದಲ್ಲೇ ಬಿಳಿಚತೊಡಗುತ್ತದೆ. ಈ ಮಾತನ್ನು ಓದುವವರು ನೆನಪಿಡಬೇಕು. ಒಬ್ಬರಿಂದ ಈ ರೋಗ ಬರುವುದಿಲ್ಲ, ಇಬ್ಬರೂ ಬೇಕು.

ವಾಹಕರನ್ನು ಹುಡುಕಲು ಒಂದು ಸರಳ ಪರೀಕ್ಷೆ ಇತ್ತು. ಟ್ಯೂಬಿನಲ್ಲಿ ತೆಳು ಉಪ್ಪುನೀರು, ಅದಕ್ಕೆ ಸಣ್ಣದೊಂದು ಹನಿ ರಕ್ತ. ಅರ್ಧ ತಾಸು ಬಿಟ್ಟು, ಬಿಳಿ ರಟ್ಟಿನ ಮೇಲೆ ಎಳೆದ ಕರಿ ಗೆರೆಯ ಮುಂದೆ ಟ್ಯೂಬನ್ನು ಹಿಡಿಯಬೇಕು. ಸರಿಯಾದ ರಕ್ತಕಣಗಳು ತೆಳು ನೀರಿನಲ್ಲಿ ಉಬ್ಬಿ ಒಡೆಯುತ್ತವೆ, ನೀರು ತಿಳಿಯಾಗಿ ಹಿಂದಿನ ಗೆರೆ ಕಾಣುತ್ತದೆ. ವಾಹಕರ ಕಣಗಳು ಸಣ್ಣವು, ತೆಳ್ಳಗಿನವು. ಅವು ಒಡೆಯುವುದಿಲ್ಲ, ನೀರು ಕದಡಿಕೊಂಡೇ ಇರುತ್ತದೆ, ಗೆರೆ ಕಾಣುವುದಿಲ್ಲ. ಆದರೆ ಈ ಟ್ಯೂಬು ಅನುಮಾನ ಹುಟ್ಟಿಸುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ. ಬರೀ ಕಬ್ಬಿಣ ಕಡಿಮೆಯಾದವರಲ್ಲೂ ಒಮ್ಮೊಮ್ಮೆ ಗೆರೆ ಮಾಯವಾಗುತ್ತದೆ. ಖಾತ್ರಿ ಮಾಡಿಕೊಳ್ಳಲು ಕಣಗಳನ್ನು ತೊಳೆದು, ಒಡೆದು, ಬಂದ ಕೆಂಪು ರಸವನ್ನು ಒದ್ದೆ ಪಟ್ಟಿಯ ಮೇಲೆ ಹಚ್ಚಿ, ಒಂದು ತುದಿಯಿಂದ ಇನ್ನೊಂದು ತುದಿಗೆ ವಿದ್ಯುತ್ ಹರಿಸಬೇಕು. ಬೇರೆ ಬೇರೆ ಹಿಮೋಗ್ಲೋಬಿನ್‌ಗಳು ಬೇರೆ ಬೇರೆ ವೇಗದಲ್ಲಿ ಓಡುತ್ತವೆ. ವಾಹಕರಲ್ಲಿ ಹಿಂದೆ ಉಳಿಯುವ ಪಟ್ಟೆ ಉಳಿದವರದಕ್ಕಿಂತ ದಪ್ಪ.

ಆ ಪಟ್ಟಿ ಓಡಿಸುವ ತೊಟ್ಟಿ ನಮ್ಮಲ್ಲಿರಲಿಲ್ಲ. ಕೇಳಿದರೆ ಮುಂದಿನ ವರ್ಷ ಎಂಬ ಉತ್ತರ. ಅಂಗಡಿಗಳ ನಾಮಫಲಕ ಮಾಡುವವನೊಬ್ಬನ ಹತ್ತಿರ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಅಂಟಿಸಿ ಮಾಡಿಸಿಕೊಂಡೆವು. ಮೊದಲನೆಯದು ಸೋರಿತು, ಎರಡನೆಯದು ಬಾಗಿತು, ಮೂರನೆಯದು ನಿಂತಿತು. ಆಮೇಲೆ ಬಿಸಿಲಿನ ಜೊತೆ ಜಗಳ. ರಾಯಚೂರಿನ ಏಪ್ರಿಲ್‌ನಲ್ಲಿ ತೊಟ್ಟಿಯ ದ್ರಾವಣ ಆವಿಯಾಗಿ ಪಟ್ಟಿ ಹಪ್ಪಳದಂತೆ ಒಣಗುತ್ತಿತ್ತು. ಕಿಟಕಿಗೆ ಒದ್ದೆ ಗೋಣಿ ಕಟ್ಟಿದೆವು, ತೊಟ್ಟಿಯ ಸುತ್ತ ಐಸ್ ಇಟ್ಟೆವು. ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಅರ್ಧ ಓಡಿದ ಪಟ್ಟೆಗಳು ಹರಡಿ ಕಲೆಯಾಗಿ ನಿಲ್ಲುತ್ತಿದ್ದವು, ಮತ್ತೆ ಮೊದಲಿನಿಂದ ಶುರು. ಯಾಪಲದಿನ್ನಿಯಿಂದ ಬಂದ ಒಂದು ಕೂಸಿನ ವಿಷಯದಲ್ಲಿ ವಾರ್ಡಿನವರು ಮೊದಲು ರಕ್ತ ಏರಿಸಿ ಆಮೇಲೆ ನನಗೆ ಮಾದರಿ ಕಳಿಸಿದರು. ಬೇರೆಯವರ ರಕ್ತ ಬೆರೆತ ಮೇಲೆ ನಾನು ನೋಡುವುದಾದರೂ ಏನನ್ನು? ಅಂದು ವಾರ್ಡಿಗೇ ಹೋಗಿ ಜಗಳವಾಡಿದೆ. ಅಲ್ಲಿಂದಾಚೆ ಬಿಳಿಚಿದ ಕೂಸು ಬಂದರೆ ಮೊದಲು ನಮ್ಮ ಶೀಷೆ, ಆಮೇಲೆ ರಕ್ತ ಏರಿಸುವುದು ಎಂದಾಯಿತು.

ನಾನು ಹೇಳಹೊರಟ ಹೆಣ್ಣುಕೂಸು ಬಂದದ್ದು ಆ ಬೇಸಿಗೆಯ ಕೊನೆಯಲ್ಲಿ. ಅದರ ಗತಿ ಏನಾಯಿತು ಎಂದು ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ. ಅದು ಉಳಿಯಲಿಲ್ಲ. ತಿಂಗಳು ತಿಂಗಳು ರಕ್ತ ಏರಿಸುವುದರ ಹೊರತು ಅದನ್ನು ಉಳಿಸುವ ಸಾಮರ್ಥ್ಯ ಅಂದು ನಮ್ಮ ಕೈಯಲ್ಲಿರಲಿಲ್ಲ. ಆ ಸಂಕಟ ಇವತ್ತಿಗೂ ಇದೆ. ಆದರೆ ಈ ಬರಹ ಅದರ ಅವ್ವನದು.

ಅವಳಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ತವರು ದೇವದುರ್ಗದ ಹತ್ತಿರ, ಗಂಡನ ಮನೆ ಮಾನ್ವಿ ತಾಲೂಕಿನಲ್ಲಿ, ಬಾಗಲವಾಡದಾಚೆಯ ಒಂದು ಹಳ್ಳಿ. ಕುರಿ ಸಾಕುವ ಮನೆತನ. ಸ್ವಂತ ಸೋದರತ್ತೆಯ, ಅಂದರೆ ಅಪ್ಪನ ಅಕ್ಕನ, ಮಗನಿಗೇ ಅವಳನ್ನು ಕೊಟ್ಟಿದ್ದರು. ಮೊದಲ ಕೂಸು ಹೀಗೇ ಬಿಳಿಚಿ ಹೋಗಿತ್ತು, ಇದು ಎರಡನೆಯದು. ಸೂಜಿ ಚುಚ್ಚುವಾಗ ಕೂಸು ಅಳಲಿಲ್ಲ, ಅಳುವ ಶಕ್ತಿ ಇರಲಿಲ್ಲ. ಅವಳೇ ಮೆಲ್ಲಗೆ ಹೇಳಿದಳು.

"ಮನ್ಯಾಗ ಅಂತಾರ್ರಿ, ನನ್ನ ಹಾಲಿನಾಗ ದೋಷ ಅದ ಅಂತ. ಇದೂ ಹ್ವಾದ್ರ ನನ್ನ ತವರಿಗೆ ಕಳಸ್ತಾರ್ರಿ. ಕಳಿಸಿದ್ರ ಮತ್ತ ಕರಕೊಳ್ಳಂಗಿಲ್ಲ."

ಕೂಸಿನ ರಕ್ತದ ರಸಕ್ಕೆ ಕ್ಷಾರ ಬೆರೆಸಿದೆ. ನಮ್ಮ ನಿಮ್ಮ ರಕ್ತವಾದರೆ ಕಣ್ಣೆದುರೇ ಕಂದು ಬಣ್ಣಕ್ಕೆ ತಿರುಗುತ್ತದೆ. ಅದರದು ಕೆಂಪಾಗಿಯೇ ಉಳಿಯಿತು. ಅವ್ವನ ಹೊಟ್ಟೆಯೊಳಗಿದ್ದಾಗಿನ, ಹುಟ್ಟಿದ ಮೇಲೆ ಕಡಿಮೆಯಾಗಬೇಕಿದ್ದ ಹಿಮೋಗ್ಲೋಬಿನ್ ಹಾಗೇ ತುಂಬಿಕೊಂಡಿತ್ತು, ಸಂಶಯವೇ ಇರಲಿಲ್ಲ. ಅವ್ವನ ಟ್ಯೂಬಿನಲ್ಲಿ ಗೆರೆ ಕಾಣಲಿಲ್ಲ, ಪಟ್ಟಿಯೂ ಅವಳು ವಾಹಕಿ ಎಂದಿತು. ಹಾಲಿನಲ್ಲಿ ಏನೂ ಇಲ್ಲ, ನಿನ್ನ ಪಾಲಿನಷ್ಟೇ ನಿನ್ನ ಗಂಡನ ಪಾಲೂ ಇದರಲ್ಲಿದೆ, ಅವನನ್ನು ಕರೆಸು ಎಂದೆ. ಅವನು ಮನೆದೇವರ ಪೂಜಾರಿ, ಊರು ಬಿಟ್ಟು ಬರುವುದಿಲ್ಲ ಎಂದಳು. ಹಾಗಾದರೆ ಮಾನ್ವಿಯವರೆಗಾದರೂ ಬರಲಿ ಎಂದು ಅಲ್ಲಿ ದವಾಖಾನೆ ಇಟ್ಟಿದ್ದ ನನ್ನ ಪರಿಚಯದ ವೈದ್ಯರಿಗೆ ಹೇಳಿ ಏರ್ಪಾಟು ಮಾಡಿದೆ.

ಶ್ರಾವಣದಲ್ಲಿ ಗಂಡನ ಹೆಸರು ಬರೆದ ಶೀಷೆ ಬಂತು. ಐಸ್ ತುಂಬಿದ ಫ್ಲಾಸ್ಕನ್ನು ನಮ್ಮ ಟೆಕ್ನಿಷಿಯನ್ ಬಸ್‌ಸ್ಟ್ಯಾಂಡಿಗೆ ಹೋಗಿ ಕೂಸನ್ನು ಎತ್ತಿಕೊಂಡು ಬರುವಂತೆ ತಂದರು. ಟ್ಯೂಬು ಹಿಡಿದೆ. ಗೆರೆ ನಿಚ್ಚಳವಾಗಿ ಕಂಡಿತು. ಉಪ್ಪುನೀರು ಹೊಸದಾಗಿ ಕಲಸಿ ಮತ್ತೆ ಮಾಡಿದೆ. ಆಗಲೂ ಕಂಡಿತು. ಪಟ್ಟಿ ಓಡಿಸಿದೆವು, ನನ್ನ ರಕ್ತವನ್ನೂ ಪಕ್ಕದಲ್ಲಿಟ್ಟು. ಎರಡರಲ್ಲೂ ಒಂದೇ ತೆಳು ಪಟ್ಟೆ. ಗಂಡ ವಾಹಕನಲ್ಲ.

ಆಸ್ಪತ್ರೆಯ ಮುಖ್ಯಸ್ಥರ ಬಳಿ ಹೋದೆ. ಅವರು ಕನ್ನಡಕ ಏರಿಸಿ, ಹಾಳೆ ನೋಡಿ, ಸಣ್ಣಗೆ ನಕ್ಕರು.

"ಬಂದದ್ದನ್ನ ಬರೀರಿ, ಡಾಕ್ಟರಮ್ಮ. ತಾಯಿದು ಕೆಟ್ಟದ, ತಂದಿದು ಚೊಲೊ ಅದ. ಕೂಸು ಯಾರದು ಅಂತ ಕೇಳೂದು ನಮ್ಮ ಕೆಲಸ ಅಲ್ಲ."

ಆ ನಗು ಕಂಡು ನನ್ನ ಕಿವಿ ಬಿಸಿಯಾಯಿತು. ಅವರು ಬರೆಯಿರಿ ಎಂದ ಆ ಒಂದು ಸಾಲು ಹಳ್ಳಿಗೆ ಹೋದರೆ ಏನಾಗುತ್ತದೆ ಎಂದು ಅವರಿಗೂ ಗೊತ್ತಿತ್ತು. ರೋಗಕ್ಕೆ ಇಬ್ಬರ ಪಾಲು ಬೇಕು, ಗಂಡನಲ್ಲಿ ಆ ಪಾಲು ಇಲ್ಲ. ಹಾಗಾದರೆ ಒಂದೋ ಕೂಸು ಅವನದಲ್ಲ, ಇಲ್ಲವೇ ಶೀಷೆಯೊಳಗಿನ ರಕ್ತ ಅವನದಲ್ಲ. ನನಗೆ ಖಾತ್ರಿ ಏನೂ ಇರಲಿಲ್ಲ. ಯಾರಿಗೂ ಇರಲಿಲ್ಲ. ಆದರೆ ಹೆಣ್ಣಿನ ಮೇಲೆ ಅನುಮಾನಪಡಲು ಎಲ್ಲರೂ ತಯಾರಿದ್ದರು, ಶೀಷೆಯ ಮೇಲೆ ಅನುಮಾನಪಡಲು ಒಬ್ಬರೂ ಇರಲಿಲ್ಲ. ಆ ಕೆಲಸ ನಾನು ಮಾಡುತ್ತೇನೆ ಎಂದುಕೊಂಡೆ. ವರದಿಗೆ ಸಹಿ ಹಾಕುವುದಿಲ್ಲ, ನಾನೇ ಹೋಗಿ ಆ ಗಂಡನ ಬೆರಳು ಚುಚ್ಚಿ ಬರುತ್ತೇನೆ ಎಂದೆ. ರಜೆ ಇಲ್ಲ ಎಂದರು. ಹಾಗಾದರೆ ಮೆಮೊ ತಯಾರಿಟ್ಟಿರಿ, ಬಂದು ತೆಗೆದುಕೊಳ್ಳುತ್ತೇನೆ ಎಂದು ಎದ್ದು ಬಂದೆ.

ಅಷ್ಟರಲ್ಲಿ ಸುದ್ದಿ ನಮಗಿಂತ ಮುಂಚೆ ಹೊರಟುಬಿಟ್ಟಿತ್ತು. ಗಂಡನ ದೊಡ್ಡಪ್ಪ ಆಸ್ಪತ್ರೆಗೆ ಬಂದು ವಿಚಾರಿಸಿದ್ದನಂತೆ, ಗಂಡಂದು ಏನೂ ತಪ್ಪಿಲ್ಲ ಎಂದು ಯಾರೋ ಬಾಯಿಬಿಟ್ಟಿದ್ದರಂತೆ. ಇದನ್ನು ಟೆಕ್ನಿಷಿಯನ್ ಹೇಳಿದಾಗ ನಾನು ಡಬ್ಬಿಯಲ್ಲಿ ಟ್ಯೂಬು ಜೋಡಿಸುತ್ತಿದ್ದೆ. ಅವರೂ ಚಪ್ಪಲಿ ಮೆಟ್ಟಿದರು. "ನೀವೊಬ್ರ ಹ್ವಾದ್ರ ಜಗಳ ಮಾಡ್ತೀರಿ, ಟ್ಯೂಬು ಯಾರು ಹಿಡೀಬೇಕ್ರಿ?" ಎಂದರು.

ಮಾನ್ವಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಆಮೇಲೆ ಎರೆ ಮಣ್ಣಿನ ದಾರಿಯಲ್ಲಿ ನಡಿಗೆ. ಮಳೆ ಬಿದ್ದು ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಅಂಟುತ್ತಿತ್ತು. ಮನೆಯ ಮುಂದೆ ಹೋದಾಗ ಮೊದಲು ಕಂಡದ್ದು ಬಾಗಿಲ ಬಳಿ ಕಟ್ಟಿಟ್ಟಿದ್ದ ಒಂದು ಬಟ್ಟೆಯ ಗಂಟು. ಬಂಡಿಯೂ ಅಂಗಳದಲ್ಲಿತ್ತು. ಸೊಸೆ ಕೂಸನ್ನು ಎತ್ತಿಕೊಂಡು ಒಳಗಿನ ಬಾಗಿಲಿಗೆ ಒರಗಿ ನಿಂತಿದ್ದಳು. ನಮ್ಮನ್ನು ಕಂಡು ಅವಳ ಮುಖ ಅರಳಲಿಲ್ಲ, ಇನ್ನಷ್ಟು ಹೆದರಿದಳು.

ದೊಡ್ಡಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದ. ಅಪ್ಪನಿಲ್ಲದ ಮನೆಗೆ ಅವನೇ ಹಿರಿಯ. ಬಂದವರಿಗೆ ನೀರು ಕೊಡಿಸಿ, ದೂರದಿಂದ ಬಂದಿರಿ, ಆದರೆ ಮಾತು ಮುಗಿದುಹೋಗಿದೆ ಎಂದ. ನಾನು ಅವನಿಗೆ ಉತ್ತರ ಕೊಡದೆ ಪಕ್ಕದಲ್ಲಿ ನಿಂತಿದ್ದ ಗಂಡನ ಕಡೆ ತಿರುಗಿದೆ. ಗಡ್ಡ, ತಲೆಗೂದಲು ಬಿಟ್ಟಿದ್ದ, ಹಣೆ ತುಂಬ ಭಂಡಾರದ ಅರಿಶಿನ, ಇನ್ನೂ ಹುಡುಗತನ ಹೋಗದ ಮುಖ. ಮಾನ್ವಿಯಲ್ಲಿ ರಕ್ತ ಕೊಟ್ಟದ್ದು ನೀವೇನಾ ಎಂದು ಕೇಳಿದೆ.

"ನಾ ಹೋಗಿಲ್ರಿ," ಎಂದ, ಅಷ್ಟೇ ಸಹಜವಾಗಿ. "ಶ್ರಾವಣದಾಗ ಪೂಜಾರಿ ರಕ್ತ ನೆಲಕ್ಕ ಬೀಳಬಾರದ್ರಿ. ತಮ್ಮನ್ನ ಕಳಿಸಿದ್ದೆ. ಇಬ್ರೂ ಒಂದ ಹೊಟ್ಟ್ಯಾಗ ಹುಟ್ಟೀವಿ, ಒಂದ ಹಾಲು ಕುಡದೀವಿ. ರಕ್ತ ಬ್ಯಾರೆ ಹೆಂಗ ಆಗ್ತದ್ರಿ?"

ತಮ್ಮನೂ ಅಲ್ಲೇ ಇದ್ದ. ಶೀಷೆಯ ಮೇಲೆ ಅಣ್ಣನ ಹೆಸರು ಯಾಕೆ ಬರೆಸಿದೆ ಎಂದರೆ, ಕೆಲಸ ಅಣ್ಣನದೇ ಇತ್ತಲ್ಲ ಎಂದ. ಮೋಸದ ಸುಳಿವೂ ಇರಲಿಲ್ಲ. ಅಣ್ಣನ ಬದಲು ಜಾತ್ರೆಗೆ ಹೋಗಿಬಂದಂತೆ, ಅಣ್ಣನ ಬದಲು ಪಂಚಾಯ್ತಿಯಲ್ಲಿ ಕೂತುಬಂದಂತೆ, ಅಣ್ಣನ ಬದಲು ರಕ್ತ ಕೊಟ್ಟು ಬಂದಿದ್ದ. ನಮ್ಮ ಟೆಕ್ನಿಷಿಯನ್ ಮುಖ ಆಚೆ ತಿರುಗಿಸಿ ನಗು ನುಂಗಿದರು. ನನಗೆ ನಗು ಬರಲಿಲ್ಲ. ಇವರ ಒಳ್ಳೆಯತನದಿಂದಲೇ ಒಂದು ಹೆಣ್ಣಿನ ಬದುಕು ಬಂಡಿ ಹತ್ತುವುದರಲ್ಲಿತ್ತು.

ನಿಮ್ಮ ಹಿಂಡಿನಲ್ಲಿ ಒಂದೇ ತಾಯಿಯ ಎರಡು ಮರಿ ಒಂದೇ ಬಣ್ಣ ಇರುತ್ತವೆಯೇ ಎಂದು ಕೇಳಿದೆ. ಕಟ್ಟೆಯ ಮೇಲಿದ್ದವರಿಗೆ ನನ್ನ ದಡ್ಡತನ ಕಂಡು ಪಾಪ ಅನ್ನಿಸಿತು. ಒಂದು ಕರಿ ಬರುತ್ತದೆ, ಒಂದು ಕೆಂದು ಬರುತ್ತದೆ ಎಂದು ತಿಳಿಹೇಳಿದರು. ಹಾಗೇ ಅಣ್ಣತಮ್ಮಂದಿರಿಗೂ ರಕ್ತ ಬೇರೆ ಬೇರೆಯಾಗಿ ಹಂಚಿ ಬರುತ್ತದೆ ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಸಿಟ್ಟು ಬಿಡಬೇಕಲ್ಲ.

"ಮರಿ ಕೆಟ್ಟರೆ ನೀವು ಟಗರನ್ನೂ ನೋಡ್ತೀರಿ," ಎಂದೆ. "ಮನೆಯಲ್ಲಿ ಮಾತ್ರ ಯಾಕೆ ಹೆಣ್ಣನ್ನಷ್ಟೇ ನೋಡ್ತೀರಿ?"

ದೊಡ್ಡಪ್ಪನ ಕುತ್ತಿಗೆಯ ನರ ಉಬ್ಬಿತು. ಶ್ರಾವಣ ಮುಗಿಯಲಿ, ಆಮೇಲೆ ನೋಡಿದರಾಯಿತು, ಅಲ್ಲಿಯವರೆಗೆ ಸೊಸೆ ತವರಲ್ಲಿರಲಿ ಎಂದ. ಕೇಳಲು ನ್ಯಾಯದ ಮಾತು. ಆದರೆ ಆ ಬಂಡಿ ಒಮ್ಮೆ ಹೋದರೆ ತಿರುಗಿ ಬರುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ಕಟ್ಟೆಯ ತುದಿಯಲ್ಲಿ ಡಬ್ಬಿ ಬಿಚ್ಚಿದೆ. ಬಂದದ್ದು ಬಂದಾಗಿದೆ, ಎಲ್ಲರೂ ಕಣ್ಣಾರೆ ನೋಡಲಿ ಎಂದು ನನ್ನ ಬೆರಳು ಚುಚ್ಚಿಕೊಂಡೆ, ಟೆಕ್ನಿಷಿಯನ್ ತಮ್ಮದನ್ನು ಚುಚ್ಚಿಕೊಂಡರು, ಗಂಡನ ತಮ್ಮನೂ ಕೈ ಚಾಚಿದ, ಸೊಸೆಯೂ ಬಂದು ಚಾಚಿದಳು. ಟ್ಯೂಬುಗಳನ್ನು ಸಾಲಾಗಿ ನಿಲ್ಲಿಸಿ ಅರ್ಧ ತಾಸು ಕಾದೆವು. ಊರಿನ ಅರ್ಧ ಜನ ಸೇರಿದ್ದರು.

ಬಿಳಿ ರಟ್ಟು ಹಿಡಿದೆ. ನನ್ನ ಟ್ಯೂಬಿನಲ್ಲಿ ಗೆರೆ ಕಂಡಿತು, ಟೆಕ್ನಿಷಿಯನ್ ಟ್ಯೂಬಿನಲ್ಲಿ ಕಂಡಿತು, ತಮ್ಮನದರಲ್ಲೂ ಕಂಡಿತು. ಸೊಸೆಯದರಲ್ಲಿ ಇಲ್ಲ. ನೋಡಿದಿರಾ, ಕೆಟ್ಟದ್ದು ಇವಳದೇ ಎಂದು ದೊಡ್ಡಪ್ಪ ಕಂಬಳಿ ಕೊಡವಿ ಎದ್ದ. ನಾನೇ ತಂದ ಪರೀಕ್ಷೆ ನನ್ನ ಕೈಯಲ್ಲೇ ಅವಳ ವಿರುದ್ಧ ತಿರುಗಿ ನಿಂತಿತ್ತು.

ಆಗ ಅತ್ತೆ ಹೊರಗೆ ಬಂದಳು. ಅಲ್ಲಿಯವರೆಗೆ ಅವಳ ದನಿಯೇ ನಾವು ಕೇಳಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, "ನಂದು ತಗೋ ಯವ್ವಾ. ನನಗೇನು ವ್ರತ ಇಲ್ಲ," ಎಂದಳು. ನಿನಗ್ಯಾಕೆ ಉಸಾಬರಿ ಎಂದು ಅವಳ ಭಾವನಾದ ದೊಡ್ಡಪ್ಪ ಗದರಿದ. ಅವಳು ತಿರುಗಿ ನೋಡಲಿಲ್ಲ. ಬೆರಳು ಗೊರಟದಂತೆ ಗಟ್ಟಿಯಾಗಿತ್ತು, ಎರಡು ಸಲ ಚುಚ್ಚಬೇಕಾಯಿತು. ಮತ್ತೆ ಅರ್ಧ ತಾಸು. ಅವಳ ಟ್ಯೂಬನ್ನು ರಟ್ಟಿನ ಮುಂದೆ ಹಿಡಿದಾಗ ಗೆರೆ ಎಲ್ಲೂ ಇರಲಿಲ್ಲ.

ಗಂಡ ಬಗ್ಗಿ ನೋಡಿದ. ತನ್ನ ಅವ್ವನ ಟ್ಯೂಬನ್ನೂ ಹೆಂಡತಿಯ ಟ್ಯೂಬನ್ನೂ ಒಂದರ ಪಕ್ಕ ಒಂದು ಇಟ್ಟು ಬಹಳ ಹೊತ್ತು ನೋಡಿದ. ನಾನು ಹನಿ ಹೀರುವ ಸಣ್ಣ ಗಾಜಿನ ಕೊಳವೆಯನ್ನು ತೋರಿಸಿದೆ. ಬೆರಳಿನಿಂದ ನೇರ ಇದಕ್ಕೆ, ಇದರಿಂದ ಟ್ಯೂಬಿಗೆ, ಒಂದು ಹನಿಯೂ ನೆಲ ಮುಟ್ಟುವುದಿಲ್ಲ, ಆದರೆ ಬೇಡವೆಂದರೆ ನಾನು ಒತ್ತಾಯ ಮಾಡುವುದಿಲ್ಲ ಎಂದೆ. ಅವನು ದೊಡ್ಡಪ್ಪನನ್ನು ಕೇಳಲಿಲ್ಲ.

"ಚುಚ್ರಿ," ಎಂದ. "ದೇವರಿಗೆ ನಾ ಹೇಳ್ಕೋತೀನಿ."

ಜೀವನದಲ್ಲಿ ಅಷ್ಟು ಎಚ್ಚರಿಕೆಯಿಂದ ನಾನು ಯಾರ ಬೆರಳನ್ನೂ ಹಿಡಿದಿಲ್ಲ. ಟೆಕ್ನಿಷಿಯನ್ ಕೆಳಗೆ ಹತ್ತಿ ಹಿಡಿದು ಕೂತಿದ್ದರು. ನೆಲಕ್ಕೆ ಏನೂ ಬೀಳಲಿಲ್ಲ. ಅರ್ಧ ತಾಸು ಕಳೆದ ಮೇಲೆ ಟ್ಯೂಬನ್ನು ಅವನ ಕೈಗೇ ಕೊಟ್ಟೆ. ಅವನು ರಟ್ಟಿನ ಹತ್ತಿರ ತಂದ, ದೂರ ಒಯ್ದ, ಬಿಸಿಲಿಗೆ ಹಿಡಿದ. ನೀರು ಕದಡಿಕೊಂಡೇ ಇತ್ತು. ಶ್ರಾವಣ ಮುಗಿದ ಮೇಲೆ ಅತ್ತೆ, ಮಗ ಇಬ್ಬರೂ ರಾಯಚೂರಿಗೆ ಬಂದು ತೋಳು ಚಾಚಿದರು, ಪಟ್ಟಿಯೂ ಇದನ್ನೇ ಹೇಳಿತು. ಮೆಮೊ ಕೂಡ ಬಂತು, ಅದನ್ನು ನಾನು ಟ್ಯೂಬಿನ ಸ್ಟ್ಯಾಂಡಿನ ಕೆಳಗೆ ಹಾಸಿಕೊಂಡೆ. ಆದರೆ ಅವತ್ತು ಆ ಕಟ್ಟೆಯ ಮೇಲೆ ಪಟ್ಟಿಯೂ ಬೇಕಾಗಿರಲಿಲ್ಲ. ಅವನೇ ಟ್ಯೂಬನ್ನು ಹಿರಿಯನ ಮುಖದ ಮುಂದೆ ಹಿಡಿದ.

"ಗೆರಿ ಕಾಣ್ತದೇನು ನೋಡು, ದೊಡ್ಡಪ್ಪಾ. ಕೂಸು ನಂದು. ರೋಗಾನೂ ನಂದು."

ದೊಡ್ಡಪ್ಪ ಸುಲಭಕ್ಕೆ ಸೋಲುವ ಗಿರಾಕಿಯಲ್ಲ. ನೋಡಿದ, ಯೋಚಿಸಿದ, ಅತ್ತೆಯ ಕಡೆ ಬೆರಳು ತೋರಿಸಿದ. "ಹಂಗಾದ್ರ ಇದು ನಿನ್ನ ತವರಮನಿಯಿಂದ ಬಂದದ್ದು. ನಿನ್ನಿಂದ ಇವಗ ಬಂತು, ನಿನ್ನ ತಮ್ಮನಿಂದ ಇಕಿಗೆ ಬಂತು. ಆ ಮನಿ ಹೆಣ್ಣ ನಮಗ ಬ್ಯಾಡ."

ಅವನು ಅನುವಂಶದ ಲೆಕ್ಕವನ್ನು ಸರಿಯಾಗಿಯೇ ಹಿಡಿದಿದ್ದ ಎಂಬುದು ನನಗೆ ಇನ್ನಷ್ಟು ಸಿಟ್ಟು ತರಿಸಿತು. ಗಂಡಸಿನ ಟ್ಯೂಬಿನಲ್ಲಿ ಕಂಡ ದೋಷವೂ ಮತ್ತೆ ಹೋಗಿ ಹೆಂಗಸಿನ ಮೇಲೇ ನಿಂತಿತ್ತು. ಬಾಯಿ ತೆರೆದೆ. ಅತ್ತೆ ಕೈ ಎತ್ತಿ ನನ್ನನ್ನು ತಡೆದಳು. ನಿಧಾನವಾಗಿ ಎದ್ದು, ಬಾಗಿಲ ಬಳಿಯ ಗಂಟನ್ನು ತನ್ನ ಕಡೆ ಎಳೆದುಕೊಂಡು, ಅದರ ಮೇಲೆ ಕೈಯೂರಿ ಕೂತಳು.

"ಹೂಡಸ್ರಿ ಬಂಡಿ," ಎಂದಳು. "ಇಕಿ ತವರು, ನನ್ನ ತವರು ಒಂದ ಮನಿ. ನಾ ಮೊದಲು ಬಂದಾಕಿ, ನನ್ನ ಮೊದಲು ಕಳಸ್ರಿ. ಅತ್ತಿ ಸೊಸಿ ಇಬ್ರೂ ಒಂದ ಬಂಡ್ಯಾಗ ಹೋಗ್ತೀವಿ. ಈ ಮನ್ಯಾಗ ರೊಟ್ಟಿ ಯಾರು ಬಡಿತೀರಿ, ಬಡಕೋರಿ."

ತಮ್ಮನು ಅಣ್ಣನನ್ನು ನೋಡಿದ. ಅಣ್ಣ ನೆಲ ನೋಡಿದ. ದೊಡ್ಡಪ್ಪ ಬಂಡಿಯ ಕಡೆ ನೋಡಿದ, ಎತ್ತುಗಳ ಕಡೆ ನೋಡಿದ, ಸುತ್ತ ನಿಂತಿದ್ದ ಊರಿನವರ ಕಡೆ ನೋಡಿದ. ಬಂಡಿ ಹೂಡಲು ಯಾರೂ ಏಳಲಿಲ್ಲ.

ಸೊಸೆ ಕೂಸನ್ನು ಗಂಡನ ಕೈಗೆ ಕೊಟ್ಟು, ಅತ್ತೆಯ ಕೈಕೆಳಗಿನಿಂದ ಗಂಟು ಎತ್ತಿಕೊಂಡು ಒಳಗೆ ಹೋದಳು.